ಹಳೆಯ ಹಾಸಿನ ತುದಿ

"ಗುರುಗಳೇ, ಮನೆಯ ಕಷ್ಟವನ್ನು ದೇವರಿಗೆ ಬಿಟ್ಟವನು ಮತ್ತೆ ಅದರ ಚಿಂತೆ ಮಾಡಬೇಕೇ?"

ಕೇಳಿದವನು ಮಠದ ಶಿಷ್ಯ ಮರುಳಯ್ಯ. ಅವನ ತಂದೆ ಕಾಯಿಲೆ ಬಿದ್ದಿದ್ದರು. ಒಮ್ಮೆ ಬಂದು ಕೈಜೋಡಿಸಿ ಹೋಗು ಎಂದು ತಾಯಿ ಊರಿನವರೊಬ್ಬರ ಬಾಯಲ್ಲಿ ಹೇಳಿ ಕಳುಹಿಸಿದ್ದಳು. ಮರುಳಯ್ಯ ಹೋಗಲಿಲ್ಲ. ಎಲ್ಲವನ್ನೂ ದೇವರಿಗೆ ಒಪ್ಪಿಸಿದ್ದೇನೆ, ಅವನೇ ನೋಡಿಕೊಳ್ಳುತ್ತಾನೆ ಎಂದು ಹೇಳಿ ಬಂದವರನ್ನು ಹಿಂದಕ್ಕೆ ಕಳುಹಿಸಿದ. ಇದನ್ನು ಮಠದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಯೂ ಇದ್ದ. ತನ್ನ ನಂಬಿಕೆಯ ಬಗ್ಗೆ ಅವನಿಗೆ ಬಹಳ ಹೆಮ್ಮೆಯಿತ್ತು.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಮನೆಯಲ್ಲಿ ಒಂದು ಮಗ್ಗ, ಹೆಂಡತಿ, ಚಿಕ್ಕ ಮಕ್ಕಳು. ಪೇಟೆಯ ವ್ಯಾಪಾರಿ ನೂಲು ಕೊಡುತ್ತಿದ್ದ, ಇವನು ಸೀರೆ ನೇದು ಕೊಡುತ್ತಿದ್ದ. ಒಂದು ಮಳೆಗಾಲದಲ್ಲಿ ನೇಕಾರನಿಗೆ ಜ್ವರ ಬಂತು. ಅವನು ಎದ್ದು ಕೂರುವಷ್ಟರಲ್ಲಿ ವ್ಯಾಪಾರಿ ನೂಲನ್ನೆಲ್ಲ ಬೇರೆ ಮನೆಗಳಿಗೆ ಹಂಚಿಬಿಟ್ಟಿದ್ದ. ಜ್ವರ ಬಿಟ್ಟಿತು, ಬಡತನ ಬಿಡಲಿಲ್ಲ.

ನೇಕಾರರಲ್ಲಿ ಒಂದು ರೂಢಿಯಿದೆ. ನೇದ ಸೀರೆಯನ್ನು ಕೊಯ್ದು ತೆಗೆಯುವಾಗ ಮಗ್ಗವನ್ನು ಪೂರ್ತಿ ಬರಿದು ಮಾಡುವುದಿಲ್ಲ. ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳಿಗೆ ಹಾಸು ಎನ್ನುತ್ತಾರೆ. ಆ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ, ಬಾಚಣಿಗೆಯಂಥ ಸಾಧನ ಹಣಿಗೆ. ಹಾಸಿನ ಗೇಣುದ್ದ ತುದಿಗಳನ್ನು ಹಣಿಗೆಯ ಹಲ್ಲುಗಳಲ್ಲೇ ಬಿಟ್ಟು ಗಂಟು ಹಾಕುತ್ತಾರೆ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಹಳೆಯ ತುದಿಗೆ ಹೊಸೆದು ಕೂಡಿಸಿದರೆ ಮಗ್ಗ ಮತ್ತೆ ನಡೆಯುತ್ತದೆ. ತುದಿಗಳು ಹೋದರೆ ಎಲ್ಲವನ್ನೂ ಮೊದಲಿನಿಂದ ಹೂಡಬೇಕು. ಹಣಿಗೆಯೇ ಹೋದರೆ ಹೂಡುವ ಮಾತೂ ಇಲ್ಲ.

ನೇಕಾರ ದೈವಭಕ್ತ. ಬೆಳಗಾದರೆ ಗುಡಿಯ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದ. ಯಾರು ಏನು ಕೇಳಿದರೂ, "ಹುಟ್ಟಿಸಿದ ದೇವ್ರು ಹುಲ್ಲು ಮೇಯಿಸ್ತಾನೇನು?" ಎನ್ನುತ್ತಿದ್ದ. ಕೇಳಿದವರು ಭಲೇ ಎಂದು ತಲೆದೂಗುತ್ತಿದ್ದರು. ಅದರಿಂದಲೇ ಅವನಿಗೆ ಅರ್ಧ ಹೊಟ್ಟೆ ತುಂಬುತ್ತಿತ್ತು. ಮಕ್ಕಳಿಗೆ ತುಂಬುತ್ತಿರಲಿಲ್ಲ.

ಹೆಂಡತಿಗೆ ಗುಡಿಗೆ ಹೋಗಲು ಪುರುಸೊತ್ತಿರಲಿಲ್ಲ. ಅವಳು ಓಣಿಯ ನೇಕಾರರಿಗೆ ಲಾಳಿಯ ನೂಲು ಸುತ್ತಿಕೊಟ್ಟು ಬೊಗಸೆ ಜೋಳ ತರುತ್ತಿದ್ದಳು. ಅದರಲ್ಲಿ ಅಂಬಲಿ ಕಾಯಿಸಿ ಮಕ್ಕಳಿಗೆ ಕೊಡುತ್ತಿದ್ದಳು. ಯಾರ ಮುಂದೆಯೂ ಸೆರಗೊಡ್ಡಲಿಲ್ಲ. ಇಷ್ಟರ ನಡುವೆ ಒಂದು ಕೆಲಸವನ್ನು ಮಾತ್ರ ಅವಳು ತಪ್ಪಿಸುತ್ತಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ನಿಂತ ಮಗ್ಗದ ಧೂಳು ಒರೆಸುತ್ತಿದ್ದಳು, ಹಳೆಯ ತುದಿಗಳಲ್ಲಿ ಸಡಿಲಾದ ಗಂಟುಗಳನ್ನು ಬಿಗಿಯುತ್ತಿದ್ದಳು, ದೀಪ ಹಚ್ಚಿಡುತ್ತಿದ್ದಳು.

ಓಣಿಯ ಹೆಂಗಸರು ನಕ್ಕರು. "ಏನವ್ವಾ, ಸತ್ತ ಎಮ್ಮಿಗೆ ದಿನಾ ಮೈ ತಿಕ್ಕತೀಯಲ್ಲ!"

"ಸತ್ತಿಲ್ಲವ್ವಾ, ಮಲಗೈತಿ," ಎಂದಳು ಅವಳು. "ಏಳೋ ಹೊತ್ತಿಗೆ ಮೈ ಹಸನಿರಬೇಕಲ್ಲ."

ಹೀಗಿರುವಾಗ ನೆರೆಮನೆಯ ನೇಕಾರನ ಹಣಿಗೆ ಮುರಿಯಿತು. ನಿಂತ ಮಗ್ಗಕ್ಕೆ ಹಣಿಗೆ ಯಾಕೆ, ನನಗೆ ಕೊಡು, ಒಂದು ಚೀಲ ಜೋಳ ಹೊರಿಸಿ ಕಳುಹಿಸುತ್ತೇನೆ ಎಂದ. ನಮ್ಮ ನೇಕಾರ ಮಕ್ಕಳ ಕಡೆ ನೋಡಿದ. ಒಳಗೆ ಹೋಗಿ ಕತ್ತರಿ ತಂದು ಮಗ್ಗದ ಮುಂದೆ ಕೂತ. ತುದಿಗಳನ್ನು ಕತ್ತರಿಸದೆ ಹಣಿಗೆ ಬಿಡಿಸಲು ಬರುವುದಿಲ್ಲ.

ಹೆಂಡತಿ ಬಂದು ಎದುರಿಗೆ ನಿಂತಳು.

"ಚೀಲ ಜ್ವಾಳ ಬರ್ತೈತಿ," ಎಂದ ಅವನು. "ಮಕ್ಕಳ ಮುಖಾನಾದ್ರೂ ನೋಡು."

"ದೇವ್ರು ಕೊಡ್ತಾನ ಅಂತ ಊರಿಗೆಲ್ಲ ಹೇಳೋರು ನೀವು. ನಾಳೆ ಅವ ಹಾಸು ಕೊಟ್ರ ಅದನ್ನ ಎಲ್ಲಿ ಕಟ್ತೀರಿ?"

ನೇಕಾರ ಕತ್ತರಿಯನ್ನು ಕೆಳಗಿಟ್ಟ. ನೆರೆಯವನು ಬಂದ ದಾರಿ ಹಿಡಿದ. ಆ ದಿನ ಅವಳು ಅತ್ತಳು. ಮಕ್ಕಳ ಮುಖ ಅವಳಿಗೆ ಕಾಣದೆ ಇರಲಿಲ್ಲ.

ಮರುದಿನದಿಂದ ಗುಡಿಯ ಕಟ್ಟೆಯ ಮೇಲೆ ನೇಕಾರನ ಜಾಗ ತೆರವಾಯಿತು. ಅವನು ಹೆಂಡತಿಯ ಪಕ್ಕದಲ್ಲಿ ಕೂತು ನೂಲು ಸುತ್ತತೊಡಗಿದ. ಬೊಗಸೆ ಬರುತ್ತಿದ್ದ ಕಡೆ ಎರಡು ಬೊಗಸೆ ಬಂತು. ಇದಕ್ಕೆ ದೇವರು ಸಿಟ್ಟಾದ ಹಾಗೇನೂ ಕಾಣಲಿಲ್ಲ.

ಸುಗ್ಗಿ ಮುಗಿದ ಮೇಲೆ ದೊಡ್ಡ ಮನೆಯೊಂದರಲ್ಲಿ ಮದುವೆ ಗೊತ್ತಾಗಿತ್ತು. ಮದುಮಗಳ ಸೀರೆಯನ್ನು ಪೆಟ್ಟಿಗೆಯೊಳಗೇ ಇಲಿ ಕಡಿದುಬಿಟ್ಟಿತು. ಗಣಪತಿಯೇ ತನ್ನ ವಾಹನವನ್ನು ಆ ಕಡೆ ಬಿಟ್ಟಿದ್ದನೋ ಏನೋ, ನಾನು ಕಂಡವನಲ್ಲ. ವ್ಯಾಪಾರಿ ಹೊಸ ಹಾಸು ಹೊತ್ತುಕೊಂಡು ಓಣಿಗೆ ಓಡಿ ಬಂದ. ನಡೆಯುವ ಮಗ್ಗಗಳಲ್ಲಿ ಸೀರೆ ಅರ್ಧಕ್ಕಿತ್ತು. ನಿಂತ ಮಗ್ಗಗಳಲ್ಲಿ ಹಣಿಗೆಯೇ ಇರಲಿಲ್ಲ, ಜೋಳವಾಗಿ ಹೊಟ್ಟೆಗೆ ಹೋಗಿತ್ತು. ಆ ಮನೆಯವರೂ ದೇವರನ್ನು ನಂಬಿದವರೇ. ಕೊನೆಗೆ ವ್ಯಾಪಾರಿ ಈ ನೇಕಾರನ ಬಾಗಿಲಿಗೆ ಬಂದು ನಿಂತ.

"ನಿಮ್ಮ ಮಗ್ಗ ಖಾಲಿ ಐತೇನವ್ವಾ?"

"ಖಾಲಿ ಇಲ್ಲರಿ," ಎಂದಳು ಅವಳು. "ತಯಾರೈತಿ."

ಹಾಗೆನ್ನುವಾಗ ಅವಳು ತಲೆ ತಗ್ಗಿಸಲಿಲ್ಲ. ಮಳೆಗಾಲದಿಂದ ಸುಗ್ಗಿಯವರೆಗೆ ಅಂಬಲಿ ಕುಡಿದ ಬಾಯಿಂದ ಬಂದ ಮಾತು ಅದು. ಅದನ್ನು ನೆನೆದರೆ ಈಗಲೂ ನನ್ನ ಎದೆ ಉಬ್ಬುತ್ತದೆ.

ಗಂಡಹೆಂಡತಿ ಎದುರುಬದುರು ಕೂತರು. ಅವಳು ಎಳೆ ಆಯ್ದು ಕೊಟ್ಟಳು, ಅವನು ಹೊಸೆದು ಕೂಡಿಸಿದ. ಮದುವೆಗೆ ಮೊದಲೇ ಸೀರೆ ಮದುಮಗಳ ಮನೆ ಸೇರಿತು. ವ್ಯಾಪಾರಿ ಮುಂದೆಂದೂ ಆ ಮನೆಗೆ ನೂಲು ತಪ್ಪಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನ ಮುಖ ಅರಳಿತು.

"ನನ್ನ ನಂಬಿಕೆಯೂ ಆ ತಾಯಿಯ ನಂಬಿಕೆಯಂಥದೇ ಗುರುಗಳೇ," ಎಂದ. "ಮನೆಯಿಂದ ಕರೆ ಬಂದರೂ ನಾನು ಅಲುಗಲಿಲ್ಲ."

ಗುರುಗಳು ಹೇಳಿದರು:

"ನಿನ್ನ ತಾಯಿಯ ಮಗ್ಗದಲ್ಲಿ ದೇವರು ಉಳಿಸಿಟ್ಟ ತುದಿ ನೀನು, ಮರುಳಯ್ಯಾ, ಕತ್ತರಿ ಕೆಳಗಿಡು."