ಹನ್ನೊಂದನೆಯ ಕೂಸಿನ ಎಲೆ

ಭೂಮಿಯ ಮಣ್ಣು ಇನ್ನೂ ಆರದೆ ಬೆಚ್ಚಗಿದ್ದ ಕಾಲ. ಭಗವಂತನು ಕಣ್ಣಿಗೆ ಕಾಣದಷ್ಟು ಪುಟ್ಟ ಪರಮಾಣುಗಳನ್ನು ಮಾಡಿ, ಅವಕ್ಕೆ ಎಲೆಕ್ಟ್ರಾನುಗಳೆಂಬ ಮಕ್ಕಳನ್ನು ಕೊಟ್ಟ. ಊಟಕ್ಕೆ ಕೂರುವ ಕ್ರಮವನ್ನೂ ಅವನೇ ಹೇಳಿಕೊಟ್ಟ. ಒಳಪಂಕ್ತಿಗೆ ಇಬ್ಬರು, ಅದರಾಚೆ ಎಂಟೆಂಟು. ಪಂಕ್ತಿ ತುಂಬದೆ ಬಡಿಸುವ ಹಾಗಿಲ್ಲ.

ಆ ಪರಮಾಣುಗಳಲ್ಲಿ ಒಬ್ಬಳು ಸೋಡಿಯಮ್ಮ. ಅವಳಿಗೆ ಹನ್ನೊಂದು ಮಕ್ಕಳು. ಮೊದಲ ಪಂಕ್ತಿಯ ಇಬ್ಬರಿಗೂ ಎರಡನೆಯದರ ಎಂಟು ಜನಕ್ಕೂ ಭಗವಂತನೇ ಬಡಿಸಿದ. ಕೊನೆಯ ಕೂಸು ಮೂರನೆಯ ಪಂಕ್ತಿಯಲ್ಲಿ ಒಂಟಿ. ಏಳು ಎಲೆ ಖಾಲಿ.

ಹಸಿದ ಕೂಸನ್ನು ಸೊಂಟಕ್ಕೇರಿಸಿಕೊಂಡು ಅವಳು ನಡೆದಳು. ನಡೆದಳು, ನಡೆದಳು, ಸೊಂಟ ಬಿದ್ದುಹೋಯಿತು. ದಣಿವಿಗೆ ಮೈಯೆಲ್ಲ ಸಿಡುಕು. "ಬಾರೇ ತಾಯಿ, ಕಾಲು ತೊಳ್ಕೊ" ಎಂದು ಹೊಳೆ ಕರೆದರೂ ಚಟಚಟನೆ ಸಿಡಿದು ಬೆಂಕಿಯಾದಳು.

"ಅಯ್ಯೋ, ನೀರು ಕೊಡೋರ ಮೇಲೂ ಉರೀತೀಯಲ್ಲೇ!" ಅಂತ ಹೊಳೆ ಹಿಂದೆ ಸರಿಯಿತು.

"ಈ ಕೂಸು ಒಂದು ತುತ್ತು ಉಂಡ ದಿನ ತಣ್ಣಗಾಗ್ತೀನಿ ಕಣಮ್ಮ."

"ಹಾಗಾದ್ರೆ ಕ್ಲೋರಪ್ಪನ ಮನೆಗೆ ಹೋಗು. ಅವನ ಮಕ್ಕಳೂ ಹಸಿದು ಕೂತಿದಾವೆ."

ಕ್ಲೋರಪ್ಪನದು ಹಸುರುಹಳದಿ ಮುಖ, ಹತ್ತಿರ ಹೋದರೆ ಮೂಗು ಉರಿಸುವ ಘಾಟು. ಅವನಿಗೆ ಹದಿನೇಳು ಮಕ್ಕಳು. ಮೂರನೆಯ ಪಂಕ್ತಿಯಲ್ಲಿ ಏಳು ಜನ. ಒಂದೇ ಒಂದು ಎಲೆ ಖಾಲಿ.

"ಏನು ನೋಡ್ತೀಯಮ್ಮ? ಒಂದೆಲೆ ದೆಸೆಯಿಂದ ಏಳು ಹೊಟ್ಟೆ ಉರೀತಿವೆ!" ಎಂದು ಗದರಿದ. ಸೊಂಟದ ಕೂಸನ್ನು ಕಂಡು ದನಿ ಇಳಿಸಿದ. "ಕೂರಿಸ್ತೀಯಾ ತಾಯಿ? ಆದ್ರೆ ಇದು ದೇವರ ಪಂಕ್ತಿ, ಮುಗಿಯೋ ಊಟ ಅಲ್ಲ. ನಡುವೆ ಒಬ್ಬರು ಎದ್ರೂ ಎಲ್ಲರ ಊಟ ಕೆಡುತ್ತೆ."

ಸೋಡಿಯಮ್ಮ ಕೂಸನ್ನು ಎದೆಗೆ ಅವುಚಿಕೊಂಡಳು. "ಇಷ್ಟು ದೂರ ಹೊತ್ತಿದ್ದು ಬಿಟ್ಟುಹೋಗೋಕಾ, ಭಗವಂತಾ?"

ಕೂಸು ಮಾತ್ರ ಎಲೆಯನ್ನೇ ನೋಡುತ್ತಿತ್ತು.

ಕೂರಿಸಿದಳು.

ಪಂಕ್ತಿ ತುಂಬಿತು, ಭಗವಂತ ಬಡಿಸಿದ. ಎಂಟೂ ಮಕ್ಕಳು ಉಂಡವು. ಕ್ಲೋರಪ್ಪನ ಘಾಟು ಇಳಿಯಿತು, ಸೋಡಿಯಮ್ಮನ ಸಿಡುಕೂ ಇಳಿಯಿತು. ಸೊಂಟ ಹಗುರವಾಯಿತು. ಇನ್ನು ಹೊರಡೋಣವೆಂದರೆ ಹೆಜ್ಜೆ ಏಳಲೊಲ್ಲದು, ಕೂಸಿನ ಸೆಳೆತ.

"ಎಲ್ಲಿಗೆ ಹೋಗ್ತೀಯಮ್ಮ ಆ ಕಾಲಲ್ಲಿ? ಇಲ್ಲೇ ಒರಗಿಕೊ," ಅಂದ ಕ್ಲೋರಪ್ಪ.

ಒರಗಿದಳು. ಭಗವಂತ ದೊಡ್ಡವನು. ಹೊರೆ ಇಳಿಸಿದ, ಕೂಸನ್ನು ಕಣ್ಮರೆ ಮಾಡಲಿಲ್ಲ.

ಅಂಥ ದಣಿದ ತಾಯಂದಿರು, ಅಂಥ ಅಪ್ಪಂದಿರು ಒಬ್ಬರಿಗೊಬ್ಬರು ಒರಗಿ ಸಾಲುಸಾಲಾಗಿ ಕೂತದ್ದೇ ಉಪ್ಪಿನ ಹರಳಾಯಿತು. ಅದಕ್ಕೇ ಮಗೂ, ಉಪ್ಪು ನೀರಿಗೆ ಬಿದ್ದರೂ ಸಿಡಿಯದೆ ಸುಮ್ಮನೆ ಕರಗುವುದು. ಅದಕ್ಕೇ ಪಂಕ್ತಿಯಲ್ಲಿ ನಿನ್ನ ಎಲೆಯ ತುದಿಗೆ ಮೊದಲು ಉಪ್ಪು ಬಂದು ಕೂರುವುದು, ಅನ್ನ ಆಮೇಲೆ ಬರುವುದು.