ಒಳಬಳೆಗೆ ಬಿದ್ದ ಪೆಟ್ಟು

"ಬುದ್ಧಿ, ಕೆಲಸಕ್ಕೆ ಬರುವ ಒಳ್ಳೆಯ ಮನುಷ್ಯರು ಈ ಭೂಮಿಯ ಮೇಲೆ ಇನ್ನೂ ಉಳಿದಿದ್ದಾರೆಯೇ?" ಎಂದು ಶಿಷ್ಯನು ಗುರುಗಳನ್ನು ಕೇಳಿದ. ಮಠದ ದಾಸೋಹದ ಉಸ್ತುವಾರಿ ಅವನದು.

ಕೇಳಿದ್ದು ಪ್ರಶ್ನೆಯಾದರೂ ದನಿಯಲ್ಲಿದ್ದದ್ದು ಸಿಟ್ಟು. ಅಡುಗೆಗೆಂದು ಕರೆತಂದ ಮೂರನೆಯವನಿಗೂ ಅವನು ಅಂದು ಬೆಳಿಗ್ಗೆ ಹೊರಡು ಎಂದಿದ್ದ. ಬರುವಾಗ ಎಲ್ಲರೂ ಚುರುಕಾಗಿಯೇ ಬರುತ್ತಾರೆ, ವಾರ ಕಳೆಯುವುದರೊಳಗೆ ಮಂಕು ಬಡಿದವರಂತಾಗುತ್ತಾರೆ, ಉಪ್ಪು ಹಾಕಲೂ ಕೈ ನಡುಗುತ್ತದೆ ಎಂದು ದೂರಿದ.

"ನಾನಂತೂ ಸಡಿಲ ಬಿಟ್ಟವನಲ್ಲ. ಹೊಸಬ ಬಂದ ದಿನವೇ ಪಂಕ್ತಿಯವರೆಲ್ಲರ ಮುಂದೆ ನಿಲ್ಲಿಸುತ್ತೇನೆ. ಸಾರು ಚೆನ್ನಾಗಿದ್ದರೂ ಬಾಯಿಗಿಡುವ ಹಾಗಿಲ್ಲ ಎಂದು ಉಗಿದು, ಮಟ್ಟ ಹಾಕಿಯೇ ಒಳಗೆ ಬಿಟ್ಟುಕೊಳ್ಳುತ್ತೇನೆ. ಆದರೂ ಹೀಗೆ. ನೀವು ಹೂಂ ಅಂದರೆ ಇವನೂ ಸಂಜೆಯ ಬಸ್ಸಿಗೆ ಹೊರಡುತ್ತಾನೆ."

ಆ ಮೂರನೆಯವನು ಹೊರಗೆ ಜಗಲಿಯ ಮೇಲೆ ತನ್ನ ಟ್ರಂಕಿನ ಪಕ್ಕ ಕುಳಿತಿದ್ದ. ಗುರುಗಳು ಹೂಂ ಎನ್ನಲಿಲ್ಲ. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವಕೀಲನಿದ್ದ. ಕೋಪ ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮೆಕ್ಯಾನಿಕ್ಕುಗಳೆಲ್ಲ ಕಳ್ಳರು ಎಂಬುದು ಅವನು ಎಂದೋ ಕೊಟ್ಟುಕೊಂಡಿದ್ದ ತೀರ್ಪು. ಹಾಗಾಗಿ ಕಾರಿನ ಕೆಲಸವನ್ನೆಲ್ಲ ಮನೆಯ ಅಂಗಳದಲ್ಲಿ ತಾನೇ ಮಾಡಿಕೊಳ್ಳುತ್ತಿದ್ದ.

ಒಮ್ಮೆ ಕಾರಿನ ಮುಂದಿನ ಚಕ್ರ ಗುಂಯ್ ಎನ್ನತೊಡಗಿತು. ವೇಗ ಹೆಚ್ಚಿದಷ್ಟೂ ಸದ್ದು ಹೆಚ್ಚಿತು. ಚಕ್ರದ ಬೇರಿಂಗು ಸವೆದಿದೆ ಎಂದು ವಕೀಲ ಹೇಳಿದ. ಅದು ನಿಜವೇ ಆಗಿತ್ತು. ಪೇಟೆಯ ಬಿಡಿಭಾಗದ ಅಂಗಡಿಯಿಂದ ಹೊಸದನ್ನು ತಂದ. ಜಾಕಿ ಕೊಟ್ಟು ಕಾರನ್ನೆತ್ತಿದ, ಚಕ್ರ ಬಿಚ್ಚಿದ, ಹಳೆಯ ಬೇರಿಂಗನ್ನು ಅದರ ಗೂಡಿನಿಂದ ಹೊರಗೆ ಹಾಕಿದ.

ಬೇರಿಂಗಿಗೆ ಎರಡು ಬಳೆಗಳು. ಒಂದು ಹೊರಗಿನದು, ಒಂದು ಒಳಗಿನದು. ಎರಡರ ನಡುವೆ ಉಕ್ಕಿನ ಗುಂಡುಗಳ ಸಾಲು. ವಕೀಲನ ಬಳಿ ಪಂಪ್‌ಸೆಟ್ಟಿನ ಹಳೆಯ ಪೈಪಿನ ತುಂಡೊಂದಿತ್ತು. ಅದು ಒಳಬಳೆಯ ಮೇಲೆ ಹೇಳಿ ಮಾಡಿಸಿದಂತೆ ಕೂತಿತು. ಅಳತೆ ಕೂಡಿತಲ್ಲ, ಇನ್ನೇನು ಬೇಕು ಎಂದುಕೊಂಡು ಪೈಪಿನ ಮೇಲೆ ಸುತ್ತಿಗೆ ಬೀಸಿದ. ಬೇರಿಂಗು ಗೂಡಿಗೆ ಇಳಿಯಿತು. ಇಷ್ಟು ಕೆಲಸಕ್ಕೆ ಆ ಕಳ್ಳರು ದಿನಗಟ್ಟಲೆ ಕಾರು ನಿಲ್ಲಿಸಿಕೊಳ್ಳುತ್ತಾರಲ್ಲ ಎಂದು ಅವನಿಗೆ ಹೊಸದಾಗಿ ಸಿಟ್ಟು ಬಂತು.

ವಾರದೊಳಗೆ ಮತ್ತೆ ಅದೇ ಸದ್ದು. ವಕೀಲ ಅಂಗಡಿಗೆ ಹೋಗಿ ಕೂಗಾಡಿದ. ಅಂಗಡಿಯವನು ಎದುರಾಡದೆ ಬೇರೆ ಬೇರಿಂಗು ಕೊಟ್ಟ. ಕೊಡುವಾಗ, "ಕೂರ್ಸಿದ್ದು ಯಾರು ಸ್ವಾಮಿ?" ಎಂದು ಕೇಳಿದ.

ವಕೀಲನ ಮೈಯೆಲ್ಲ ಉರಿದುಹೋಯಿತು. ಖೋಟಾ ಮಾಲು ಮಾರುವವನು ತನಗೇ ಪಾಟೀಸವಾಲು ಹಾಕುವುದೇ? ಉತ್ತರ ಕೊಡದೆ ಬಂದ. ಆ ಸಿಟ್ಟನ್ನೆಲ್ಲ ಸುತ್ತಿಗೆಗೆ ಕೊಟ್ಟು, ಎರಡನೆಯದನ್ನು ಮೊದಲಿಗಿಂತ ಜೋರಾಗಿ ಬಡಿದು ಕೂರಿಸಿದ. ಅದು ಊರಿನ ಗಡಿ ದಾಟುವುದರೊಳಗೇ ಗುಂಯ್ ಎಂದಿತು.

ಆಮೇಲೆ ಅವನಿಗೆ ಬೇರೆ ಮಾತೇ ಇರಲಿಲ್ಲ. ಕೋರ್ಟಿನ ಅಂಗಳದಲ್ಲಿ, ಹೋಟೆಲಿನಲ್ಲಿ, ಮದುವೆಮನೆಯ ಊಟದೆಲೆಯ ಮುಂದೆ ಕೂಡ, ಆ ಅಂಗಡಿಯಲ್ಲಿ ಇರುವುದೆಲ್ಲ ಖೋಟಾ ಎಂದು ಸಾರಿದ. ವಕೀಲರೇ ಹೇಳಿದ ಮೇಲೆ ಜನ ನಂಬದಿರುತ್ತಾರೆಯೇ? ಟ್ಯಾಕ್ಸಿಯವರು ಆ ಅಂಗಡಿಯ ಮೆಟ್ಟಿಲು ಹತ್ತುವುದನ್ನು ಬಿಟ್ಟರು. ಅಂಗಡಿಯವನು ಬೆಳಿಗ್ಗೆ ಬಾಗಿಲು ತೆಗೆದು, ಮಾರದ ಸಾಮಾನಿನ ಧೂಳು ಹೊಡೆಯುತ್ತ ಸಂಜೆ ಮಾಡಿದ. ಮಾಡದ ತಪ್ಪಿಗೆ ಇಂಥ ಶಿಕ್ಷೆ ಯಾವ ನ್ಯಾಯ?

ವಕೀಲನಿಗೆ ಅಷ್ಟೂ ಸಾಲಲಿಲ್ಲ. ಎರಡನೆಯ ಬೇರಿಂಗನ್ನೂ ಬಿಚ್ಚಿ ತಂದು ಅಂಗಡಿಯ ಮೇಜಿನ ಮೇಲೆ ಕುಕ್ಕಿದ. ಪೇಟೆಯ ಜನ ಸೇರಿದರು.

"ಇದನ್ನ ಕುಯ್ಸು. ಒಳಗೆ ಎಂಥ ತಗಡು ತುಂಬಿ ಮಾರ್ತೀಯ ಅಂತ ಎಲ್ಲರೂ ನೋಡ್ಲಿ," ಎಂದ.

ಅಂಗಡಿಯವನು ಬಾಗಿಲ ಮೇಲಿನ ಬೋರ್ಡಿನ ಕಡೆ ಕೈ ತೋರಿದ. "ನಮ್ಮಪ್ಪ ಹಾಕಿದ ಬೋರ್ಡು ಸ್ವಾಮಿ ಇದು. ಖೋಟಾ ಅಂತಾದ್ರೆ ಇವತ್ತೇ ಇಳಿಸ್ತೀನಿ," ಎಂದ.

"ಏಣಿ ತರ್ಸಿಟ್ಕೋ," ಎಂದ ವಕೀಲ.

ಪಕ್ಕದ ಗ್ಯಾರೇಜಿನಲ್ಲಿ ಹೊರಬಳೆಯನ್ನು ಕುಯ್ದರು. ಗುಂಡುಗಳು ಉದುರಿದವು. ವಕೀಲ ಒಳಬಳೆಯನ್ನು ಎತ್ತಿಕೊಂಡು, ಜನರಿಗೆ ತೋರಿಸುವ ಮೊದಲು ತಾನೊಮ್ಮೆ ನೋಡಿದ. ಉಕ್ಕು ಒಳ್ಳೆಯ ಉಕ್ಕೇ. ಆದರೆ ಗುಂಡುಗಳು ಓಡುವ ದಾರಿಯಲ್ಲಿ ಸಣ್ಣ ಸಣ್ಣ ಗುಳಿಗಳಿದ್ದವು, ಒಂದೊಂದು ಗುಂಡು ಕೂತಿದ್ದ ಕಡೆ ಒಂದೊಂದು. ಬಳೆಯ ಅಂಚಿನ ಮೇಲೆ ದುಂಡನೆಯ ಗಾಯದ ಗುರುತಿತ್ತು. ಅದು ಯಾವುದರ ಗುರುತೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಪೈಪು ಇನ್ನೂ ಅವನ ಅಂಗಳದಲ್ಲೇ ಬಿದ್ದಿತ್ತು.

ಗೂಡಿನಲ್ಲಿ ಬಿಗಿಯಾಗಬೇಕಾದದ್ದು ಹೊರಬಳೆ. ಅವನು ಹೊಡೆದದ್ದು ಒಳಬಳೆಗೆ. ಬಿದ್ದ ಪೆಟ್ಟೆಲ್ಲ ನಡುವಿನ ಗುಂಡುಗಳ ಮೂಲಕವೇ ಹಾದುಹೋಗಿತ್ತು. ಎರಡೂ ಬೇರಿಂಗುಗಳು ರಸ್ತೆಯ ಮೇಲೆ ಒಂದು ಸುತ್ತು ತಿರುಗುವ ಮೊದಲೇ ಅವನ ಕೈಯಲ್ಲಿ ಕೆಟ್ಟಿದ್ದವು.

ವಕೀಲ ಬಳೆಯನ್ನು ಮೆಲ್ಲನೆ ಕರಿಕೋಟಿನ ಜೇಬಿಗೆ ಇಳಿಸಲು ಹೋದ. ಅಂಗಡಿಯವನು ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡ.

"ಎಲ್ಲರೂ ನೋಡ್ಲಿ ಅಂದ್ರಲ್ಲ ಸ್ವಾಮಿ," ಎಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನ ಮುಖ ಕೆಂಪಾಗಿತ್ತು.

"ಎಂಥ ನೀಚ ಅವನು, ಬುದ್ಧಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಾನೇ ಜಜ್ಜಿ ಹಾಳು ಮಾಡಿ, ಏನೂ ಅರಿಯದವನ ಹೆಸರನ್ನು ಊರೆಲ್ಲ ಕೆಡಿಸಿದನಲ್ಲ. ಅಂಥವನನ್ನು ಸುಮ್ಮನೆ ಬಿಡಬಾರದು," ಎಂದ.

ಗುರುಗಳು ಜಗಲಿಯ ಕಡೆ ನೋಡಿದರು. ಟ್ರಂಕಿನ ಪಕ್ಕ ಕುಳಿತಿದ್ದ ಅಡುಗೆಯವನು, ತನ್ನನ್ನೇ ಕರೆದರೇನೋ ಎಂದು ಎದ್ದು ನಿಂತ. ಅವನ ಕೈ ನಡುಗುತ್ತಿತ್ತು.

"ಅವನನ್ನು ಕಳಿಸುವ ಮೊದಲು, ಅವನ ಮೇಲಿರುವ ಗುರುತು ಯಾರ ಪೈಪಿನದೆಂದು ನೋಡಿ ಬಾ," ಎಂದರು ಗುರುಗಳು.