ಕಾಲು ತೊಳೆದುಕೊಂಡ ಏಣಿ

ದಸರೆ ಹತ್ತಿರ ಬಂದಿದ್ದ ಒಂದು ಮಂಗಳವಾರ ಬೆಣಚಿನಾಳದಲ್ಲಿ, ಹಾಡಹಗಲೇ, ಜನ ನೋಡುತ್ತಿರುವಾಗಲೇ, ಒಂದು ಏಣಿ ಮೂರು ಬೆರಳಿನಷ್ಟು ಎಡಕ್ಕೆ ಸರಿಯಿತು. ಆಗ ಏಣಿಯ ಮೇಲಿದ್ದವರು ಸುಣ್ಣ ಬಳಿಯುವ ಮೇಸ್ತ್ರಿ ದಾವಲಸಾಬರು. ಅವರು ಬೀಳಲಿಲ್ಲ. ಸುಣ್ಣವೂ ಚೆಲ್ಲಲಿಲ್ಲ. ಆದರೂ ಸುದ್ದಿ ಬಸ್‌ಸ್ಟ್ಯಾಂಡಿನ ತನಕ ನಡೆದು, ಅಲ್ಲಿಂದ ಮಧ್ಯಾಹ್ನದ ಬಸ್ಸು ಹತ್ತಿ ಪಕ್ಕದ ಊರು ತಲುಪಿತು. ಸಂಜೆಗೆ ಆ ಊರಿನಲ್ಲಿದ್ದ ಮೇಸ್ತ್ರಿಯ ಬೀಗರು ಅಳುತ್ತ ಬಂದರು. ಬಾಗಿಲು ತೆರೆದವರು ಮೇಸ್ತ್ರಿಯೇ ಆದ್ದರಿಂದ ಚಹಾ ಕುಡಿದು ಹೋದರು.

ಏಣಿ ಸರಿದ ಹೊತ್ತಿನಲ್ಲಿ ಅದನ್ನು ಹಿಡಿದು ನಿಂತಿದ್ದವನು ಬೀಡಿ ಹಚ್ಚಿಕೊಳ್ಳಲು ಆ ಕಡೆ ತಿರುಗಿದ್ದ. ಅವನ ಕೆಲಸ ಅಂದೇ ಹೋಯಿತು. ಹೀಗೆ ಊರಿನಲ್ಲಿ ಏಣಿ ಹಿಡಿಯುವವನ ಜಾಗವೊಂದು ಖಾಲಿ ಬಿತ್ತು. ಬೆಳಗಾಗುವಷ್ಟರಲ್ಲಿ ಸಾತವ್ವ ತನ್ನ ಮಗ ಅಡಿವೆಪ್ಪನನ್ನು ಕರೆದುಕೊಂಡು ಮೇಸ್ತ್ರಿಯ ಕಟ್ಟೆಯ ಮೇಲೆ ಕೂತಿದ್ದಳು.

ಅಡಿವೆಪ್ಪ ಹೇಳಿದ ಮಾತು ಮೀರುವ ಹುಡುಗನಲ್ಲ. ತೊಂದರೆ ಇದ್ದದ್ದು ಅಲ್ಲೇ. ಚಹಾದಂಗಡಿಯವನು ಹಾಲು ನೋಡ್ತಿರು ಅಂದಿದ್ದ. ಅಡಿವೆಪ್ಪ ನೋಡಿದ. ಹಾಲು ಏರುವುದನ್ನು ನೋಡಿದ, ಉಕ್ಕುವುದನ್ನು ನೋಡಿದ, ಒಲೆ ಆರುವುದನ್ನೂ ನೋಡಿದ. ಹಿಟ್ಟಿನ ಗಿರಣಿಯವನು, ಬಂದವರ ಚೀಲ ಸಾಲಾಗಿ ಇಡು ಅಂದಿದ್ದ. ಸಾಲು ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಗಿರಣಿಯಿಂದ ಶುರುವಾಗಿ ಹನುಮಪ್ಪನ ಗುಡಿಯ ಬಾಗಿಲಿಗೆ ಮುಗಿದಿತ್ತು. ಈಗ ಊರಿನಲ್ಲಿ ಅವನನ್ನು ಕೆಲಸಕ್ಕೆ ಇಟ್ಟುಕೊಂಡು ನೋಡದೆ ಉಳಿದವರು ದಾವಲಸಾಬರು ಒಬ್ಬರೇ.

ಇದೂ ಆಗದಿದ್ದರೆ ಅವನನ್ನು ಕರೆದೊಯ್ಯಲು ಸಾತವ್ವನ ಅಣ್ಣ ಫಕೀರಪ್ಪ ತಯಾರಿದ್ದ. ದಸರೆ ಮುಗಿದ ಮರುದಿನ ಬರುತ್ತೇನೆಂದು ಹೇಳಿಯೂ ಕಳಿಸಿದ್ದ. ಫಕೀರಪ್ಪ ಇದ್ದದ್ದು ಕಲ್ಲಿನ ಕ್ವಾರಿಯಲ್ಲಿ. ಕೆಲಸ ಸುಲಭದ್ದು, ಬಂಡೆಗೆ ತುಂಬಿದ ಮದ್ದಿನ ಬತ್ತಿಗೆ ಬೆಂಕಿ ಹಚ್ಚುವುದು.

ಸಾತವ್ವ ಮೇಸ್ತ್ರಿಗೆ ಮುಚ್ಚುಮರೆ ಮಾಡಲಿಲ್ಲ.

"ಇಲ್ಲಿ ತಪ್ಪು ಮಾಡಿದ್ರ ಸಂಜಿಗೆ ಮನಿಗೆ ಬಂದು ನನ್ನ ಕಡಿಂದ ಬೈಸ್ಕೋತಾನ್ರೀ. ಅಲ್ಲಿ ತಪ್ಪು ಮಾಡಿದ್ರ, ಬೈಸ್ಕೊಳ್ಳಾಕ ಯಾರು ಬರ್ತಾರ?"

ಮೇಸ್ತ್ರಿ ಹುಡುಗನನ್ನು ನೋಡಿದರು. ಬೀಡಿ ಸೇದುತ್ತೀಯಾ ಎಂದು ಕೇಳಿದರು. ಇಲ್ಲ ಅಂದ. ದಾರಿಯಲ್ಲಿ ಮೆರವಣಿಗೆ ಹೋದರೆ ತಿರುಗಿ ನೋಡುತ್ತೀಯಾ ಎಂದು ಕೇಳಿದರು. ನೀವು ಹೇಳಿದರೆ ನೋಡುತ್ತೇನೆ ಅಂದ. ಮೇಸ್ತ್ರಿಗೆ ಸಮಾಧಾನವಾಯಿತು.

"ಏಣಿ ಹಿಡಿ. ಏನರ ಆಗ್ಲಿ, ಕೈ ಬಿಡಬ್ಯಾಡ," ಅಂದರು.

ಅಡಿವೆಪ್ಪ ಹಿಡಿದ. ಅಂದು ಮಾಸ್ತರರ ಮನೆಯ ಗೋಡೆಗೆ ಸುಣ್ಣ ಬಳಿದು ಮುಗಿಯುವ ತನಕ ಏಣಿ ಕೂದಲೆಳೆಯಷ್ಟೂ ಸರಿಯಲಿಲ್ಲ. ಇಷ್ಟು ವರ್ಷದಲ್ಲಿ ಇಂಥ ಹಿಡಿತ ಕಂಡಿಲ್ಲ ಎಂದು ಮೇಸ್ತ್ರಿ ಮಾಸ್ತರರ ಹತ್ತಿರ ಹೇಳಿದರು. ಕೆಳಗಿಳಿದು, ಕೈ ತೊಳೆದು, ಇನ್ನು ಮನೆಗೆ ಹೋಗು ಅಂದು ತಾವೂ ಹೊರಟರು. ಕೈ ಬಿಡು ಎಂದು ಮಾತ್ರ ಹೇಳಲಿಲ್ಲ.

ಅಡಿವೆಪ್ಪ ಮನೆಗೆ ಬಂದ. ಏಣಿಯೂ ಬಂತು, ಎರಡೂ ಕೈಯಲ್ಲಿ, ನೆಟ್ಟಗೆ ನಿಂತುಕೊಂಡೇ. ಬಾಗಿಲು ಏಣಿಗಿಂತ ಗಿಡ್ಡವಾದ್ದರಿಂದ ಅವನು ಅಂಗಳದಲ್ಲೇ ನಿಂತ. ಸಾತವ್ವ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಇಷ್ಟೆತ್ತರದ ಮಗನಿಗೆ ಅಂಗಳದಲ್ಲಿ ತುತ್ತು ಮಾಡಿ ತಿನ್ನಿಸಿದಳು. ಓಣಿಯ ಹೆಂಗಸರು ಬಾಗಿಲಿಗೆ ಬಂದು, ಮಗನಿಗೇನು ಹರಕೆಯೋ ಎಂದು ವಿಚಾರಿಸಿ ಹೋದರು.

"ಮ್ಯಾಲ ಮನಷ್ಯಾ ಇದ್ರ ಹಿಡೀಬೇಕೋ, ನನ್ನಪ್ಪಾ," ಅಂದಳು ಸಾತವ್ವ. "ಏಣಿ ಮ್ಯಾಲ ಯಾರೂ ಇಲ್ಲಂದ್ರ ತಗದು ಅಡ್ಡ ಮಲಗಸಬೇಕು. ನಿಂತ ಏಣಿ ಯಾರದರ ತಲಿ ಮ್ಯಾಲ ಬೀಳೂದ."

ಹಂಗ ಮಾಡ್ತೀನಬೇ, ಅಂದ ಅಡಿವೆಪ್ಪ.

ಮರುದಿನ ಕೆಲಸ ಗಾಣದವರ ಮನೆಯಲ್ಲಿ. ಮಣ್ಣಿನ ಮಾಳಿಗೆಯ ಮನೆ, ಮೇಲೆ ಹೋಗಲು ಮೆಟ್ಟಿಲಿಲ್ಲ. ಮಾಳಿಗೆಯ ಅಂಚಿಗೆ ಸುಣ್ಣ ಬಳಿಯಲು ಮೇಸ್ತ್ರಿ ಏಣಿ ಹತ್ತಿ, ಕೊನೆಯ ಮೆಟ್ಟಿಲಿನಿಂದ ಮಾಳಿಗೆಗೆ ಕಾಲಿಟ್ಟರು. ಅಡಿವೆಪ್ಪ ತಲೆಯೆತ್ತಿ ನೋಡಿದ. ಏಣಿಯ ಮೇಲೆ ಯಾರೂ ಇರಲಿಲ್ಲ. ಅವನು ಏಣಿಯನ್ನು ಗೋಡೆಗೆ ಗೀರು ಬೀಳದಂತೆ ನಿಧಾನಕ್ಕೆ ತೆಗೆದು, ನೆರಳಿನಲ್ಲಿ ಅಡ್ಡ ಮಲಗಿಸಿ, ಪಕ್ಕದಲ್ಲಿ ಕೂತ.

ಸ್ವಲ್ಪ ಹೊತ್ತಿಗೆ ಮೇಸ್ತ್ರಿ ಹಿಂದಕ್ಕೆ ಕಾಲು ಚಾಚಿ ಗಾಳಿಯನ್ನು ತಡಕಾಡಿದರು. ಆಮೇಲೆ ಬಗ್ಗಿ ನೋಡಿದರು.

"ಏಣಿ ಹಚ್ಚಲೇ."

"ಏಣಿ ಮ್ಯಾಲ ಯಾರೂ ಇಲ್ರೀ ಮೇಸ್ತ್ರಿ."

"ಮ್ಯಾಲ ನಾ ಅದೀನಲ್ಲಲೇ."

"ನೀವು ಮಾಳಿಗಿ ಮ್ಯಾಲ ಅದೀರಿ. ಏಣಿ ಇಲ್ಲೈತಿ. ನೀವು ಬಂದು ಏಣಿ ಮ್ಯಾಲ ನಿಂತ್ರ ಹಿಡದು ನಿಂದರಸ್ತೀನಿ."

ಮೇಸ್ತ್ರಿ ಇದರಲ್ಲಿ ತಪ್ಪೆಲ್ಲಿದೆ ಎಂದು ಬಹಳ ಹೊತ್ತು ಯೋಚಿಸಿದರು. ಬಿಸಿಲು ಏರಿತು. ಕೊನೆಗೆ ಮಾಳಿಗೆಗೆ ತಾಗಿದ್ದ ಜಾಲಿ ಗಿಡದ ಮೂಲಕ ಇಳಿದರು. ಅವರ ಹೆಂಡತಿ ದೀಪ ಹಚ್ಚುವ ತನಕ ಮುಳ್ಳು ತೆಗೆದಳು. ಮೇಸ್ತ್ರಿಯ ಮನೆಗೆ ಹೋಗಿ ಕೈಮುಗಿದ ಸಾತವ್ವನಿಗೆ ಅವರು ಬೋರಲು ಮಲಗಿದಲ್ಲಿಂದಲೇ, ಏನೇ ಆಗಲಿ ಏಣಿ ಜಾರಿಲ್ಲ, ಇನ್ನೊಂದು ಸಲ ನೋಡೋಣ ಅಂದರು. ಹಬ್ಬದ ಮುಂದೆ ಬೇರೆ ಆಳು ಸಿಗುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು.

ಮನೆಗೆ ಬಂದು ಸಾತವ್ವ ಬೈದಳು. ಆಮೇಲೆ ಹಗ್ಗ ಕೊಟ್ಟಳು. ಇನ್ನು ಮೇಲೆ ಹಿಡಿಯುವುದೂ ಬೇಡ, ಮಲಗಿಸುವುದೂ ಬೇಡ, ಏಣಿಯ ಕಾಲಿಗೆ ಹಗ್ಗ ಹಾಕಿ, ಆ ಮನೆಯಲ್ಲಿ ಯಾವುದು ಕೂತ ಜಾಗ ಬಿಟ್ಟು ಅಲ್ಲಾಡುವುದಿಲ್ಲವೋ ಅದಕ್ಕೆ ಬಿಗಿ ಅಂದಳು.

ಮುಂದಿನ ಮನೆ ವಿರುಪನಗೌಡರದು. ಅಡಿವೆಪ್ಪ ಹಗ್ಗ ಹಿಡಿದು ಇಡೀ ವಾಡೆ ಸುತ್ತಿದ. ಕಂಬ ಕಂಡಿತು, ಆದರೆ ಅದನ್ನು ಹಬ್ಬಕ್ಕೆ ಕಿತ್ತು ಹೊಸದು ನಿಲ್ಲಿಸುವ ಮಾತು ನಡೆದಿತ್ತು. ಕಿಟಕಿ ಕಂಡಿತು, ಗಾಳಿಗೆ ಬಡಿಯುತ್ತಿತ್ತು. ಪಡಸಾಲೆಯಲ್ಲಿ ಗೌಡರು ದೊಡ್ಡ ಕುರ್ಚಿಯಲ್ಲಿ ಕೂತಿದ್ದರು. ಅವರು ಬೆಳಗಿನಿಂದ ಕೂತಿದ್ದರು. ಮಳೆ ಸೋರಿದಾಗ ಕುರ್ಚಿಯ ಮೇಲೆ ಕೊಡೆ ಹಿಡಿಸಿದ್ದರೇ ಹೊರತು ಎದ್ದವರಲ್ಲ ಎಂದು ಊರೇ ಹೇಳುತ್ತಿತ್ತು. ಅವರ ಮೈಯೂ ಹಾಗೇ ಇತ್ತು. ಅಡಿವೆಪ್ಪ ತುಸು ಹೊತ್ತು ಎದುರಿಗೆ ನಿಂತು ಪರೀಕ್ಷಿಸಿದ. ನೊಣ ಮೂಗಿನ ಮೇಲೆ ಕೂತರೂ ಗೌಡರು ಅಲ್ಲಾಡಲಿಲ್ಲ. ಅವನು ಕುರ್ಚಿಯ ಕಾಲಿಗೆ ಎರಡು ಸುತ್ತು ಹಗ್ಗ ಹಾಕಿ ಬಿಗಿದ.

ಮಧ್ಯಾಹ್ನದ ತನಕ ಏಣಿ ಬಂಡೆಯಂತಿತ್ತು. ಆಮೇಲೆ ಒಳಗಿನಿಂದ ಗೌಡತಿ, ಹೋಳಿಗೆ ಆಗಿದೆ, ಬಿಸಿ ಇದ್ದಾಗಲೇ ಬನ್ನಿ ಅಂದಳು.

ಗೌಡರು ಎದ್ದರು. ಕುರ್ಚಿ ಹಗುರಾಯಿತು. ಏಣಿ ಕುರ್ಚಿಯನ್ನು ಪಡಸಾಲೆಯ ಉದ್ದಕ್ಕೂ ಎಳೆದುಕೊಂಡು ಕೆಳಗೆ ಜಾರಿತು, ಏಣಿಯ ಜೊತೆ ಮೇಸ್ತ್ರಿ ಜಾರಿದರು, ಸುಣ್ಣದ ಹಂಡೆಯಲ್ಲಿ ಕೂತರು. ಗೌಡರು ಹಿಂತಿರುಗಿ ನೋಡಿ, ಕುರ್ಚಿ ಎಲ್ಲಿ ಎಂದು ಮಾತ್ರ ಕೇಳಿದರು.

"ಗೌಡ್ರು ಏಳ್ತಾರ ಅಂತ ನನಗ ಯಾರೂ ಹೇಳಿಲ್ಲಬೇ," ಅಂದ ಅಡಿವೆಪ್ಪ ಮನೆಯಲ್ಲಿ. ಸಾತವ್ವನಿಗೂ ಅದು ಗೊತ್ತಿರಲಿಲ್ಲ. ಅವಳು ಆ ದಿನ ಕಡಿಮೆ ಬೈದಳು.

ಈ ಸಲ ಉಪಾಯ ಮಾಡಿದವರು ಮೇಸ್ತ್ರಿ. ಜಾರುವುದು ಏಣಿಯ ಕಾಲು ತಾನೇ. ಹಳೆಯ ಟೈರಿನ ತುಂಡು ತಂದು, ಏಣಿಯ ಎರಡೂ ಕಾಲಿಗೆ ಅಳತೆ ನೋಡಿ, ಅಟ್ಟೆ ಬಾರು ಸಮೇತ ಎರಡು ರಬ್ಬರಿನ ಮೆಟ್ಟು ಹೊಲಿಸಿದರು. ಮೆಟ್ಟು ಹಾಕಿ ನಿಲ್ಲಿಸಿದರೆ ಎಣ್ಣೆ ಚೆಲ್ಲಿದ ಕಲ್ಲಿನ ಮೇಲೂ ಏಣಿ ಕದಲಲಿಲ್ಲ. ಊರಿನಲ್ಲಿ ಬರಿಗಾಲಲ್ಲಿ ತಿರುಗುವ ಜನ ಎಷ್ಟೋ ಇದ್ದರು, ಅವರು ಬಂದು ಏಣಿಯ ಕಾಲು ನೋಡಿ ಹೋದರು. ಸಾತವ್ವ ಮಗನಿಗೆ ಹೇಳಿದಳು, ಇದು ಇನ್ನು ಬರೀ ಏಣಿ ಅಲ್ಲ, ಮೇಸ್ತ್ರಿಯ ಜೀವ. ಮನೆಯ ಹಿರಿಯರನ್ನು ಹೇಗೆ ನೋಡಿಕೊಳ್ಳುತ್ತೀಯೋ ಹಾಗೆ ನೋಡಿಕೋ.

ಹಂಗ ಮಾಡ್ತೀನಬೇ, ಅಂದ ಅಡಿವೆಪ್ಪ.

ಹಬ್ಬದ ಮುಂಚಿನ ಕೊನೆಯ ಕೆಲಸ ಗುಡ್ಡದ ಮಠದ್ದು. ಬಾಗಿಲಲ್ಲಿ ಮಠದ ಮರಿಸ್ವಾಮಿ ನಿಂತು, ಮೆಟ್ಟು ಹೊರಗ ಬಿಟ್ಟು, ಕಾಲು ತೊಳಕೊಂಡು ಒಳಗ ಬರ್ರಿ ಎಂದು ಎಲ್ಲರಿಗೂ ಹೇಳುವ ಹಾಗೆ ಇವರಿಗೂ ಹೇಳಿದರು. ಮೇಸ್ತ್ರಿ ಚಪ್ಪಲಿ ಬಿಟ್ಟು, ಕಾಲು ತೊಳೆದು, ಒಳಗೆ ಹೋಗಿ ಸುಣ್ಣ ಕಲಸತೊಡಗಿದರು. ಅಡಿವೆಪ್ಪ ತನ್ನ ಕಾಲು ತೊಳೆದ. ಆಮೇಲೆ ಏಣಿಯನ್ನು ಕಟ್ಟೆಗೆ ಒರಗಿಸಿ, ಅದರ ಮೆಟ್ಟು ಬಿಚ್ಚಿ, ಮೇಸ್ತ್ರಿಯ ಚಪ್ಪಲಿಯ ಪಕ್ಕದಲ್ಲಿ ಜೋಡಿಸಿಟ್ಟ. ಎರಡು ತಂಬಿಗೆ ನೀರು ಹಾಕಿ ಏಣಿಯ ಕಾಲು ಉಜ್ಜಿ ಉಜ್ಜಿ ತೊಳೆದ. ಒರೆಸಲಿಲ್ಲ, ಒರೆಸಲು ಹೇಳಿರಲಿಲ್ಲ. ಮರಿಸ್ವಾಮಿ ಇದನ್ನು ನೋಡಿ, ಹುಡುಗನಿಗೆ ಒಳ್ಳೆಯ ಸಂಸ್ಕಾರವಿದೆ ಅಂದುಕೊಂಡರು.

ಮಠದ ನೆಲ ತಲೆಮಾರುಗಳ ಭಕ್ತರ ಪಾದದಿಂದ ಕನ್ನಡಿಯಾಗಿತ್ತು. ಒದ್ದೆ ಕಾಲಿನ ಏಣಿ ಅದರ ಮೇಲೆ ಮೇಸ್ತ್ರಿಯನ್ನು ಹೊತ್ತು, ಗದ್ದುಗೆಯ ಮುಂದೆ ಹಾದು, ದಾಸೋಹದ ಬಾಗಿಲಿನ ತನಕ ಹೋಯಿತು. ಮೇಸ್ತ್ರಿಯ ಎಡಗೈ ಉಳುಕಿತು.

"ಮೆಟ್ಟು ಹಾಕ್ಕೊಂಡು ಮಠದಾಗ ಹೆಂಗ ಬರ್ತೈತ್ರೀ ಅದು?" ಅಂದ ಅಡಿವೆಪ್ಪ.

ಮಠದ ಹಿರಿಯ ಸ್ವಾಮಿಗಳಾದ ಅಜ್ಜಾರು ಅಲ್ಲೇ ನಿಂತಿದ್ದರು. ಮೇಸ್ತ್ರಿ ಬೈಯುವುದನ್ನು ಬಿಟ್ಟು ಅವರಿಗೆ ಬಲಗೈಯಲ್ಲೇ ನಮಸ್ಕಾರ ಮಾಡಿದರು.

ಅಂದು ಸಾತವ್ವ ಬೈಯಲಿಲ್ಲ, ಅತ್ತಳು. ಮಠದ ಹೊರಗೋಡೆಯೊಂದು ಉಳಿದಿದೆ, ನಾಳೆ ಬೆಳಿಗ್ಗೆ ಬಲಗೈಯಲ್ಲೇ ಮುಗಿಸುತ್ತೇನೆ, ಏಣಿ ಅಲ್ಲಾಡಿದರೆ ಅದೇ ಕೊನೆ ಎಂದು ಮೇಸ್ತ್ರಿ ಹೇಳಿ ಕಳಿಸಿದ್ದರು. ಹೊರಗಡೆ ಹುಡಿಮಣ್ಣು, ಅಲ್ಲಿ ರಬ್ಬರಿನ ಮೆಟ್ಟೂ ನಡೆಯುವುದಿಲ್ಲ. ಕಣ್ಣೊರೆಸಿಕೊಂಡು ಅವಳು ಒಂದೇ ಮಾತು ಹೇಳಿದಳು.

"ಕುಣಿ ತೋಡಿ ಕಾಲು ಹುಗಿ. ಮಠದ ಕಂಬ ಹೆಂಗ ನಿಂತೈತಿ, ಏಣಿ ಹಂಗ ನಿಂದರಬೇಕು. ಹೋಗು."

ಮಠದಲ್ಲಿ ಆಗ ಹೊಸ ದಾಸೋಹದ ಮನೆ ಕಟ್ಟುತ್ತಿದ್ದರು. ಅಡಿವೆಪ್ಪ ಆ ಸಂಜೆಯೇ ಹೋಗಿ, ಕಂಬ ಹೇಗೆ ನಿಲ್ಲುತ್ತದೆ ಎಂದು ಗೌಂಡಿಯನ್ನು ಕೇಳಿದ. ಗೌಂಡಿ ಊರಿಗೆ ಹೊರಟು ಗಂಟು ಕಟ್ಟುತ್ತಿದ್ದ. ಕುಣಿ ತೋಡು, ಕಡಿ ಸಿಮೆಂಟು ತುಂಬು, ನೀರು ಹಾಕ್ಕೋಂತ ಇರು ಅಂದ. ಉಳಿದ ಸಿಮೆಂಟನ್ನು ಬೇಕಾದರೆ ತಗೋ ಅಂದ. ಬಸ್ಸು ಹತ್ತಿ ಹೋದ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಬಂದಾಗ ಏಣಿ ಗೋಡೆಗೆ ಒರಗಿ ನಿಂತಿತ್ತು. ಕಾಲುಗಳು ಮಣ್ಣಿನಲ್ಲಿ ಮುಚ್ಚಿಹೋಗಿದ್ದವು, ಸುತ್ತ ಒದ್ದೆಯಾಗಿತ್ತು. ಮೇಸ್ತ್ರಿ ಬಲಗೈಯಿಂದ ಅಲ್ಲಾಡಿಸಿದರು. ಭುಜ ಕೊಟ್ಟು ನೂಕಿದರು. ಒದ್ದರು. ಹತ್ತಿ ಮೇಲೆ ನಿಂತು ಸ್ವಲ್ಪ ಕುಣಿದರು. ಏಣಿಗೆ ಇದಾವುದೂ ತಿಳಿಯಲಿಲ್ಲ. ಜಾಲಿ ಮುಳ್ಳಿನಿಂದೀಚೆ ಮೊದಲ ಸಲ ಮೇಸ್ತ್ರಿ ನಕ್ಕರು. ಇವನನ್ನು ಕಾಯಂ ಮಾಡಿಕೊಳ್ಳುತ್ತೇನೆ ಎಂದು ಮೇಲಿನಿಂದಲೇ, ಮಗನ ಜೊತೆ ಬಂದು ನಿಂತಿದ್ದ ಸಾತವ್ವನಿಗೆ ಕೂಗಿ ಹೇಳಿದರು. ಕೈಗೆ ಎಟುಕುವಷ್ಟು ಗೋಡೆಗೆ ಸುಣ್ಣ ಬಳಿದರು, ಇಳಿದರು, ಇನ್ನು ಏಣಿ ಆ ಕಡೆ ಸರಿಸು ಅಂದರು.

ಅಡಿವೆಪ್ಪ ಸರಿಸಲು ನೋಡಿದ. ಮೇಸ್ತ್ರಿ ಕೈ ಹಚ್ಚಿದರು. ದಾಸೋಹದ ಅಡುಗೆಯವರು ಬಂದರು. ಮರಿಸ್ವಾಮಿ ಬಂದರು. ಕೊನೆಗೆ ಒಬ್ಬರು ಮಣ್ಣು ಕೆದರಿ, ಕೆಳಗೆ ಗಟ್ಟಿಯಾದ ಸಿಮೆಂಟು ನೋಡಿ, ಎಲ್ಲರಿಗೂ ಸಾಕು ಅಂದರು.

ಮೇಸ್ತ್ರಿ, ನಾಳೆಯಿಂದ ಬರಬೇಡ ಅಂದರು. ಉಳಿದ ಗೋಡೆಗೆ ಬೇರೆ ಊರಿನಿಂದ ಏಣಿ ತರಿಸಿದರು, ಅದರ ಜೊತೆ ಅದನ್ನು ಹಿಡಿಯುವವನನ್ನೂ.

ದಸರೆಯಾದ ಮರುದಿನ, ಹೇಳಿದ ಹಾಗೆ, ಫಕೀರಪ್ಪ ಬಂದ. ಅಡಿವೆಪ್ಪ ಮನೆಯಲ್ಲಿರಲಿಲ್ಲ. ಕೆಲಸ ಹೋದರೂ ಅವನು ಮಠದ ಗೋಡೆಯ ಹತ್ತಿರ, ಬಾವಿಯಿಂದ ಕೊಡ ಹೊತ್ತು ತಂದು ಏಣಿಯ ಬುಡಕ್ಕೆ ನೀರು ಹಾಕುತ್ತಿದ್ದ. ನಡಿ ಹೋಗೋಣ, ಬಸ್ಸಿಗೆ ಹೊತ್ತಾಯಿತು ಅಂದ ಫಕೀರಪ್ಪ.

"ನೀರು ಹಾಕ್ಕೋಂತ ಇರು ಅಂದಾನ್ರೀ ಮಾಮಾ ಗೌಂಡಿ. ಸಾಕು ಅಂದಿಲ್ಲ."

ಗೌಂಡಿ ಎಲ್ಲಿ ಎಂದು ಫಕೀರಪ್ಪ ಕೇಳಿದ. ಯಾವ ಊರಿನವನೋ ಯಾರಿಗೂ ಗೊತ್ತಿರಲಿಲ್ಲ. ಅಳಿಯನ ಕೈ ಹಿಡಿದು ಎಳೆದು ನೋಡಿದ. ಅಡಿವೆಪ್ಪ ಕೊಡವನ್ನೂ ಬಿಡಲಿಲ್ಲ, ಜಾಗವನ್ನೂ ಬಿಡಲಿಲ್ಲ. ಫಕೀರಪ್ಪ ಜೊತೆಗೆ ಬಂದಿದ್ದ ತಂಗಿಯ ಕಡೆ ತಿರುಗಿದ.

"ನಿನ್ನ ಮಾತು ಮೀರೂದಿಲ್ಲ ಅವ. ಸಾಕು ಅಂತ ಒಂದು ಮಾತು ಹೇಳ ತಂಗೀ."

ಸಾತವ್ವ ಮಗನನ್ನು ನೋಡಿದಳು. ಹುಟ್ಟಿದಾಗಿನಿಂದ ಅವನಿಗೆ ಬುದ್ಧಿ ಹೇಳುತ್ತಲೇ ಬಂದವಳು ಅವಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೇಳಾಂವ ಗೌಂಡಿ," ಅಂದಳು. "ನಾ ಏನು ಗೌಂಡಿ ಏನು?"

ಮಧ್ಯಾಹ್ನದ ಬಸ್ಸು ಬಂತು. ಫಕೀರಪ್ಪ ಒಬ್ಬನೇ ಹತ್ತಿದ.

ಹೊತ್ತು ಹೊತ್ತಿಗೆ ತಪ್ಪದೆ ನೀರು ಹಾಕುವವನು ಬಿಟ್ಟಿ ಸಿಕ್ಕಿದ್ದನ್ನು ಮಠದ ಅಜ್ಜಾರು ಕೆಲವು ದಿನ ನೋಡಿದರು. ಆಮೇಲೆ ಊಟ ಮತ್ತು ಸಂಬಳ ಗೊತ್ತು ಮಾಡಿದರು. ಅಡಿವೆಪ್ಪ ಈಗ ಮಠದಲ್ಲಿ ಗಿಡಗಳಿಗೆ ನೀರು ಹಾಕುವ ಆಳು. ಅವನು ನೀರು ಹಾಕುವುದು ಎರಡು ಬೇವಿನ ಸಸಿ, ಒಂದು ಬಿಲ್ವಪತ್ರೆ, ಕಣಗಿಲೆಯ ಸಾಲು ಮತ್ತು ಒಂದು ಏಣಿಗೆ.